ಅಂಕಿತವಿಲ್ಲದ ಅಂಕಿತಕಾರರು

ಅಂಗಡಿಯ ಬೋರ್ಡು, ಬ್ಯಾಂಕಿನ ಮುದ್ರೆ, ಸಾಬೂನಿನ ಪೆಟ್ಟಿಗೆ — ಇವನ್ನು ಗಾಜಿನ ಕಪಾಟಿನಲ್ಲಿಟ್ಟು ಪ್ರದರ್ಶಿಸಬೇಕೆಂದು ಯಾರಾದರೂ ಹೇಳಿದರೆ ನಮ್ಮ ವಿದ್ವಾಂಸರಲ್ಲಿ ಹಲವರು ಮೂಗು ಮುರಿಯುತ್ತಾರೆ. ಅದು ವ್ಯಾಪಾರ, ಸಂಸ್ಕೃತಿಯಲ್ಲ ಎಂಬುದು ಅವರ ತೀರ್ಪು. ಈ ತೀರ್ಪು ತಪ್ಪೆಂಬುದೂ ಇದರಿಂದ ಕನ್ನಡಕ್ಕೆ ದಿನದಿನವೂ ನಷ್ಟವಾಗುತ್ತಿದೆಯೆಂಬುದೂ ನನ್ನ ವಾದ.

ವ್ಯಾಪಾರದ ಮಾತನ್ನೇ ಮೊದಲು ಎತ್ತಿಕೊಳ್ಳೋಣ. ಚಾಲುಕ್ಯರ ಲಾಂಛನ ವರಾಹ. ಅದು ತಾಮ್ರಶಾಸನಗಳ ಮುದ್ರೆಯಾಯಿತು, ನಾಣ್ಯದ ಮೇಲೆಯೂ ಬಿತ್ತು. ಕಡೆಗೆ ಹೊನ್ನಿನ ನಾಣ್ಯಕ್ಕೇ ವರಾಹವೆಂಬ ಹೆಸರು ನಿಂತಿತು. ನಾಣ್ಯವೆಂದರೆ ವ್ಯಾಪಾರವಲ್ಲದೆ ಮತ್ತೇನು? ಆ ವರಾಹವನ್ನು ವಸ್ತುಸಂಗ್ರಹಾಲಯದಲ್ಲಿ ಕಂಡು ಕೈಮುಗಿಯುವವರು ನಿನ್ನೆಯ ಬ್ಯಾಂಕಿನ ಮುದ್ರೆಯನ್ನು ಕಂಡು ಮುಖ ತಿರುಗಿಸುವುದೇಕೆ? ಸಾವಿರ ವರ್ಷದ್ದಾದರೆ ಪರಂಪರೆ, ಅರವತ್ತು ವರ್ಷದ್ದಾದರೆ ರದ್ದಿ ಎಂಬ ಲೆಕ್ಕವೆ? ಹಾಗಾದರೆ ಉಳಿದ ಒಂಬೈನೂರ ನಲವತ್ತು ವರ್ಷ ಅದನ್ನು ಕಾಯುವವರು ಯಾರು?

ಬ್ಯಾಂಕುಗಳ ಮಾತು ಸುಮ್ಮನೆ ಬಂದುದಲ್ಲ. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. 1931ರ ವಿಜಯಾ ಬ್ಯಾಂಕು 2019ರಲ್ಲಿ ಬರೋಡಾ ಬ್ಯಾಂಕಿಗೆ ಸೇರಿತು. 2020ರ ಏಪ್ರಿಲ್ ಒಂದರಂದು, ಒಂದೇ ದಿನ, ಉಡುಪಿಯ ಎರಡು ಕೂಸುಗಳು — 1906ರ ಕಾರ್ಪೊರೇಷನ್ ಬ್ಯಾಂಕು, 1925ರ ಸಿಂಡಿಕೇಟ್ ಬ್ಯಾಂಕು — ಬೇರೆ ಮನೆ ಸೇರಿದವು. ಮೂರು ವರ್ಷಗಳಲ್ಲಿ ನಾಲ್ಕು ಹೆಸರುಗಳು ನಮ್ಮ ಬೀದಿಗಳಿಂದ ಇಳಿದುಹೋದವು. ಸಿಂಡಿಕೇಟ್ ಬ್ಯಾಂಕಿನ ಮುದ್ರೆಯಲ್ಲಿದ್ದ ನಾಯಿಯನ್ನು ನೆನೆಯಿರಿ. ನಂಬಿಕೆಯೆಂಬ ಮಾತಿಗೆ ಅಷ್ಟು ಸರಳವಾದ ಚಿತ್ರ ಇನ್ನೊಂದಿರಲಿಲ್ಲ. ಇಂದಿಗೂ ಬಸ್ಸಿನಲ್ಲಿ ಕೆಂಪೇಗೌಡ ರಸ್ತೆಗೆ ಹೋಗುವವರು ಇಳಿಯುವುದು 'ಮೈಸೂರು ಬ್ಯಾಂಕಿ'ನಲ್ಲಿಯೇ. ಬ್ಯಾಂಕಿಲ್ಲ, ಹೆಸರು ನಾಲಗೆಯಲ್ಲಿದೆ. ಆ ಬೋರ್ಡುಗಳೆಲ್ಲ ಎಲ್ಲಿ ಹೋದವೆಂದು ಕೇಳಿದವರುಂಟೆ?

ಇದಕ್ಕೆ ಮಿತ್ರರೊಬ್ಬರ ಆಕ್ಷೇಪ: "ಇಂಥ ಪ್ರದರ್ಶನವೆಂದರೆ ಕಂಪನಿಗಳಿಗೆ ಬಿಟ್ಟಿ ಜಾಹೀರಾತಲ್ಲವೆ?" ಇಲ್ಲದ ಬ್ಯಾಂಕಿಗೆ ಜಾಹೀರಾತು ಮಾಡಿ ಯಾರಿಗೆ ಲಾಭ, ಸ್ವಾಮಿ? ಬದುಕಿರುವ ಕಂಪನಿಗಳ ವಿಷಯದಲ್ಲಿ ಆ ಭಯ ನ್ಯಾಯವಾದುದೇ. ಅದಕ್ಕೆ ಪರಿಹಾರ ಪ್ರದರ್ಶನವನ್ನು ಬಿಡುವುದಲ್ಲ, ಅದನ್ನು ಕಂಪನಿಗಳ ಕೈಗೆ ಬಿಡದಿರುವುದು. ಜಾಲಹಳ್ಳಿಯಲ್ಲಿ ಎಚ್.ಎಂ.ಟಿ.ಯವರು 2019ರಲ್ಲಿ ತಮ್ಮ ಗಡಿಯಾರಗಳಿಗೆ ತಾವೇ ಮ್ಯೂಸಿಯಂ ತೆರೆದರು, ಒಳ್ಳೆಯ ಕೆಲಸ. ಆದರೆ ಮನೆಯವರು ಬರೆಯುವ ಚರಿತ್ರೆ ಮನೆಯ ಚರಿತ್ರೆಯೇ ಆಗುತ್ತದೆ. ಊರಿನ ಚರಿತ್ರೆಯನ್ನು ಊರೇ ಬರೆಯಬೇಕು.

ಮೈಸೂರು ಸ್ಯಾಂಡಲ್ ಸಾಬೂನಿನ ಶರಭವನ್ನು ನೋಡಿ. ಆನೆಯ ತಲೆ, ಸಿಂಹದ ಮೈ. ಪುರಾಣದ ಶರಭ ಹೀಗಿರಲಿಲ್ಲವೆಂದು ಪಂಡಿತರು ತಕರಾರು ತೆಗೆಯಬಹುದು. ಇದು ನಮ್ಮ ದೇವಾಲಯಗಳ ಕಂಬದ ಮೇಲಿನ ಯಾಳಿಗೆ ಹತ್ತಿರದ ನೆಂಟ. ನೂರು ವರ್ಷಕ್ಕೂ ಮಿಗಿಲಾಗಿ ಈ ಗುಡಿಯ ಶಿಲ್ಪ ಬಸವನಗುಡಿ ಮಲ್ಲೇಶ್ವರದ ಬಚ್ಚಲುಮನೆಗಳಿಗೆ ಬಂದು ಕುಳಿತಿದೆ. ಅದರ ಬೆಲೆ ವಿದ್ವಾಂಸರಿಗೆ ತಿಳಿಯದಿದ್ದರೂ ಕಳ್ಳರಿಗೆ ತಿಳಿದಿದೆ: 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಇದೇ ಸಾಬೂನಿನ ನಕಲಿ ತಯಾರಿಕೆ ಸಿಕ್ಕಿಬಿತ್ತು.

ಸರಕಾರಕ್ಕೂ ಲಾಂಛನದ ಮೋಹವಿಲ್ಲದಿಲ್ಲ. 2017ರ ಡಿಸೆಂಬರಿನಲ್ಲಿ ಬೆಂಗಳೂರಿಗೆಂದೇ ಹೊಸದೊಂದು ಲಾಂಛನವನ್ನು ಸ್ಪರ್ಧೆಯಿಂದ ಆರಿಸಿ ಸಮಾರಂಭ ಮಾಡಿದರು. ಹೊಸದಕ್ಕೆ ಸಮಾರಂಭ, ಹಳೆಯದಕ್ಕೆ ಗುಜರಿ ಅಂಗಡಿ! 2024ರಲ್ಲಿ ನಾಮಫಲಕಗಳಲ್ಲಿ ಶೇಕಡ 60 ಕನ್ನಡವಿರಬೇಕೆಂದು ಕಾನೂನು ಬಂತು. ನಾನು ಅದನ್ನು ಮನಸಾರೆ ಸ್ವಾಗತಿಸಿದವನು. ಆದರೆ ಕಾನೂನು ಅಕ್ಷರದ ಜಾಗವನ್ನು ಅಳೆಯಿತೇ ಹೊರತು ಅಕ್ಷರದ ಅಂದವನ್ನಲ್ಲ. ಕೈಬರಹದ ಬೋರ್ಡುಗಳು ಇಳಿದವು, ಕಂಪ್ಯೂಟರಿನ ಒಂದೇ ಅಚ್ಚಿನ ಫ್ಲೆಕ್ಸ್ ಏರಿತು. ಗುಂಡಗಿನ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ಬಾಗಿಸಿ ಬಳುಕಿಸಿ ಅಂಗಡಿಗೊಂದು ಮುಖ ಕೊಡುತ್ತಿದ್ದ ಕೈಗಳಿಗೆ ಕೆಲಸ ಹೋಯಿತು.

ಆ ಕೈಗಳು ಯಾರವು? ನಾನು ತರಗತಿಯಲ್ಲಿ ವಚನಕಾರರ ಅಂಕಿತಗಳನ್ನು ಪಾಠ ಮಾಡುತ್ತೇನೆ. ಕೂಡಲಸಂಗಮದೇವನೆಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕ. ಅಂಕಿತದಿಂದಲೇ ಬರೆದವರನ್ನು ಹಿಡಿಯುತ್ತೇವೆ. ಆದರೆ ಊರಿಗೆಲ್ಲ ಅಂಕಿತ ಬರೆದುಕೊಟ್ಟ ಚಿತ್ರಗಾರನಿಗೆ ತನ್ನದೇ ಅಂಕಿತವಿಲ್ಲ. ಸ್ಟೇಟ್ ಬ್ಯಾಂಕಿನ ನೀಲಿ ವೃತ್ತವನ್ನು 1971ರ ಸುಮಾರಿಗೆ ರಚಿಸಿದವರು ಶೇಖರ್ ಕಾಮತ್ ಎಂದು ಹೇಳಬಲ್ಲೆವು; ಗಾಂಧಿ ಬಜಾರಿನ ಹಳೆಯ ಬೋರ್ಡುಗಳಲ್ಲಿ ಎಷ್ಟರ ಬಗ್ಗೆ ಹಾಗೆ ಹೇಳಬಲ್ಲೆವು?

ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ ಜನಪ್ರಿಯ ಮುದ್ರಿತ ಚಿತ್ರಗಳನ್ನು ಸಂಗ್ರಹಿಸಿ ದಾರಿ ತೋರಿದೆ. ಕನ್ನಡ ಅಕ್ಷರದ ಪಾಲಿನ ಕೆಲಸ ಮಾತ್ರ 1915ರಿಂದ ಕನ್ನಡದ ಹೊಣೆ ಹೊತ್ತಿರುವ ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನದು. ನಾನು ಕೇಳುವುದು ದೊಡ್ಡ ಕಟ್ಟಡವನ್ನಲ್ಲ, ಒಂದು ಕೋಣೆಯನ್ನು. ಅಲ್ಲಿ ಮುದ್ರೆಯೊಂದಿಗೆ ಅದರ ಕರಡು ಚಿತ್ರ, ಮರದ ಅಥವಾ ಸತುವಿನ ಬ್ಲಾಕು, ಅಚ್ಚಾದ ಚೀಟಿ, ಮೂರನ್ನೂ ಸಾಲಾಗಿ ಇಡಲಿ. ಕೆಳಗೆ ಮಾಲೀಕನ ಹೆಸರಿಗಿಂತ ಮೊದಲು ಬರೆದವನ ಹೆಸರಿರಲಿ. ಕಂಪನಿಗಳ ಹಣ ಬೇಡ.

ಕೆಲಸಕ್ಕೆ ಕಾಲ ಬಹಳವಿಲ್ಲ. ಹಳೆಯ ಮುದ್ರಣಾಲಯಗಳು ಬಾಗಿಲು ಹಾಕಿದಾಗ ಮೊಳೆಗಳೂ ಬ್ಲಾಕುಗಳೂ ಹೋಗುವುದು ತಕ್ಕಡಿಗೆ, ಸೀಸದ ಲೆಕ್ಕದಲ್ಲಿ. ತಾಮ್ರಶಾಸನಗಳನ್ನು ಕರಗಿಸಿ ಚೊಂಬು ಮಾಡಿಕೊಂಡವರನ್ನು ನಾವು ಅಜ್ಞಾನಿಗಳೆನ್ನುತ್ತೇವೆ. ನಮ್ಮನ್ನು ಮೊಮ್ಮಕ್ಕಳು ಏನೆನ್ನಬೇಕೆಂಬುದು ಇನ್ನೂ ನಮ್ಮ ಕೈಯಲ್ಲಿದೆ.