ಮರದ ನೆರಳನ್ನು ಲೋಟಕ್ಕೆ ತುಂಬಿ ಮಾರುವವರು

ಬೆಟ್ಟ, ಕಾಡು, ಹೊಳೆಗಳ ಮಾತನ್ನಾಡುವ ಈ ಪುಟಗಳಲ್ಲಿ ಬಿಯರಿಗೇನು ಕೆಲಸವೆಂದು ಓದುಗರು ಹುಬ್ಬೇರಿಸಬಹುದು. ಇದು ಮದ್ಯಪಾನದ ಪರವಾದ ವಕಾಲತ್ತಲ್ಲ. ಈ ಲೇಖಕನಿಗೆ ಮಜ್ಜಿಗೆಯೇ ಸಾಕು. ಆದರೆ ‘ಬಿಯರ್ ಪ್ರವಾಸ’ದ ಹೆಸರಿನಲ್ಲಿ ಜರ್ಮನಿಯ ಬವೇರಿಯಾಕ್ಕೆ ಜನರನ್ನು ಹೊತ್ತೊಯ್ಯುವ ಉದ್ಯಮ ಏನನ್ನು ಮಾರುತ್ತಿದೆ, ಏನನ್ನು ಮುಚ್ಚಿಡುತ್ತಿದೆ ಎಂಬುದು ಸಾಮುದಾಯಿಕ ಆಸ್ತಿಯ ಬಗೆಗೆ ಕಾಳಜಿಯುಳ್ಳ ಎಲ್ಲರೂ ಕೇಳಲೇಬೇಕಾದ ಪ್ರಶ್ನೆ.

ಮ್ಯೂನಿಕ್ ನಗರದ ಬಿಯರ್ ತೋಟಗಳನ್ನೇ ನೋಡಿ. ಅವು ಮೋಜಿಗಾಗಿ ಹುಟ್ಟಿದವಲ್ಲ. 1553ರ ರಾಜಾಜ್ಞೆಯ ಪ್ರಕಾರ ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರವರೆಗೆ ಮಾತ್ರ ಬಿಯರ್ ತಯಾರಿಸಬಹುದಿತ್ತು. ಬೇಸಿಗೆಗೆಂದು ಮಾಡಿಟ್ಟದ್ದು ಕೆಡದಿರಲು ಬ್ರೂವರಿಯವರು ನೆಲಮಾಳಿಗೆ ತೋಡಿ ಚಳಿಗಾಲದ ಮಂಜುಗಡ್ಡೆ ತುಂಬಿದರು. ಮೇಲೆ ಜಲ್ಲಿ ಹರಡಿ ಕುದುರೆ ಚೆಸ್ಟ್‌ನಟ್ ಮರಗಳನ್ನು ನೆಟ್ಟರು. ಅಗಲವಾದ ಎಲೆಗಳಿಂದ ದಟ್ಟ ನೆರಳು. ಬೇರುಗಳು ಆಳಕ್ಕಿಳಿಯದ ಕಾರಣ ಮಾಳಿಗೆಯ ಕಮಾನಿಗೂ ಧಕ್ಕೆಯಿಲ್ಲ. ಮರದ ಸ್ವಭಾವವನ್ನು ಬಲ್ಲವರ ಕೆಲಸವದು. ಆ ನೆರಳಿನಲ್ಲಿ ಜನ ಕುಳಿತು ಕುಡಿಯತೊಡಗಿದಾಗ ನಗರದ ಹೋಟೆಲಿನವರು ದೂರಿತ್ತರು. ದೊರೆ ಮ್ಯಾಕ್ಸಿಮಿಲಿಯನ್ 1812ರಲ್ಲಿ, ಮಾಳಿಗೆಯ ಬಳಿ ಬಿಯರ್ ಮಾರಬಹುದು, ಆದರೆ ಬ್ರೆಡ್ಡಿನ ಹೊರತು ಊಟ ಬಡಿಸಕೂಡದು ಎಂದು ಆಜ್ಞಾಪಿಸಿದ. ಜನ ಬುತ್ತಿ ಕಟ್ಟಿಕೊಂಡು ಬಂದರು.

1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ತಂಪುಯಂತ್ರವನ್ನು ಅದೇ ನಗರದ ಬ್ರೂವರಿಗೆ ತಂದ. ಇನ್ನು ಮಂಜುಗಡ್ಡೆಯೂ ಬೇಡ, ನೆರಳೂ ಬೇಡ. ಮರ ಕಡಿಯಲು ಇದಕ್ಕಿಂತ ಒಳ್ಳೆಯ ನೆಪ ಬೇಕಿತ್ತೆ? ಆದರೂ ತೋಟಗಳು ಉಳಿದವು, ಏಕೆಂದರೆ ಅಷ್ಟರಲ್ಲಿ ಅವು ಜನರದ್ದಾಗಿದ್ದವು. ನೆರೆಹೊರೆಯವರ ದೂರಿನ ಮೇಲೆ ಅಂಥದೊಂದು ತೋಟವನ್ನು ರಾತ್ರಿ ಒಂಬತ್ತೂವರೆಗೇ ಮುಚ್ಚಬೇಕೆಂಬ ನ್ಯಾಯಾಲಯದ ಆದೇಶ ಬಂದಾಗ, 1995ರ ಮೇ 12ರಂದು ಮ್ಯೂನಿಕ್ಕಿನಲ್ಲಿ 20,000ಕ್ಕೂ ಹೆಚ್ಚು ಮಂದಿ ಬೀದಿಗಿಳಿದರು. (ಗದ್ದಲದ ವಿರುದ್ಧ ದೂರಿದವರದ್ದೂ ಅನ್ಯಾಯದ ಮಾತಲ್ಲವೆಂದು ಒಪ್ಪಲೇಬೇಕು, ನಿದ್ದೆಯೂ ಒಂದು ಹಕ್ಕೇ.) ಬವೇರಿಯಾ ಸರ್ಕಾರದ 1999ರ ನಿಯಮದಲ್ಲಿ ಬಿಯರ್ ತೋಟದ ಲಕ್ಷಣವಾಗಿ ಎರಡು ಸಂಗತಿಗಳಿವೆ: ಅದಕ್ಕೆ ತೋಟದ ಸ್ವರೂಪ ಇರಬೇಕು, ಬಂದವರು ತಾವು ತಂದ ಬುತ್ತಿಯನ್ನು ದುಡ್ಡು ತೆರದೆ ಅಲ್ಲಿ ಉಣ್ಣುವಂತಿರಬೇಕು. ನಮ್ಮ ನಗರಗಳಲ್ಲಿ ‘ಬಿಯರ್ ಗಾರ್ಡನ್’ ಫಲಕ ತೂಗಿಸಿಕೊಂಡವರಲ್ಲಿ ಎಷ್ಟು ಮಂದಿ ಬುತ್ತಿಗಂಟು ಹಿಡಿದವನನ್ನು ಒಳಗೆ ಬಿಟ್ಟಾರು?

ಪ್ರವಾಸಿ ಕಂಪನಿಗಳು ಈ ಇತಿಹಾಸವನ್ನು ಹೇಳುವುದಿಲ್ಲ. ಅವು ಕರೆದೊಯ್ಯುವುದು ಅಕ್ಟೋಬರ್ ಉತ್ಸವಕ್ಕೆ. 2023ರಲ್ಲಿ ಅಲ್ಲಿ ನೆರೆದವರು 72 ಲಕ್ಷ. ಮ್ಯೂನಿಕ್ಕಿನ ಆರು ಬ್ರೂವರಿಗಳ ಬಿಯರಿಗೆ ಮಾತ್ರ ಅಲ್ಲಿ ಪ್ರವೇಶ. ಎಂಥ ಸ್ಥಳಾಭಿಮಾನ! ಆದರೆ ಆ ಆರರ ಪೈಕಿ ಸ್ಪಾಟೆನ್ ಮತ್ತು ಲೋವೆನ್‌ಬ್ರೊಯ್ ಎರಡೂ ಬೆಲ್ಜಿಯಂ ಮೂಲದ ದೈತ್ಯ ಕಂಪನಿ ಎಬಿ ಇನ್‌ಬೆವ್‌ನ ಜೇಬಿನಲ್ಲಿವೆ. ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ ಕೂಡ 2021ರಲ್ಲಿ ಡಚ್ಚರ ಹೈನೆಕೆನ್ ಕೈಗೆ ಹೋಯಿತು. ಹೆಸರು ಊರಿನದು, ಲಾಭ ಪರದೇಶದ್ದು.

ಕಾಣಬೇಕಾದುದು ಬೇರೆಡೆ ಇದೆ. ಬವೇರಿಯಾದ ಈಶಾನ್ಯ ಮೂಲೆಯ ಗುಡ್ಡಗಾಡು ಓಬರ್‌ಫಾಲ್ಟ್ಸ್. ಅಲ್ಲಿನ ವಿಂಡಿಶೆಶೆನ್‌ಬಾಖ್, ನೊಯ್‌ಹೌಸ್, ಫಾಲ್ಕೆನ್‌ಬರ್ಗ್, ಮಿಟ್ಟರ್‌ಟೈಖ್, ಎಸ್ಲಾರ್ನ್ ಎಂಬ ಊರುಗಳಲ್ಲಿ ಇಂದಿಗೂ ಊರೊಟ್ಟಿನ ಬ್ರೂವರಿಗಳಿವೆ. ಬಿಯರ್ ಮಾಡುವ ಹಕ್ಕು ವ್ಯಕ್ತಿಗೆ ಸೇರಿದ್ದಲ್ಲ, ಮನೆಗೆ ಅಂಟಿಕೊಂಡದ್ದು. ನಮ್ಮ ಸೊಪ್ಪಿನಬೆಟ್ಟದ ಹಕ್ಕು ಅಡಿಕೆ ತೋಟಕ್ಕೆ ಅಂಟಿಕೊಂಡಿರುವ ಹಾಗೆ. ಹಕ್ಕುಳ್ಳ ಮನೆಯವರು ಸರದಿಯಂತೆ ಬಂದು ಸಾಮೂಹಿಕ ಕೊಪ್ಪರಿಗೆಯಲ್ಲಿ ಸೌದೆ ಉರಿಸಿ ಕುದಿಸುತ್ತಾರೆ, ಕೊಪ್ಪರಿಗೆಯ ಬಾಬ್ತು ಹಣ ತೆರುತ್ತಾರೆ, ರಸವನ್ನು ರಾತ್ರಿಯಿಡೀ ಆರಲು ಬಿಟ್ಟು, ಹುಳಿಯಲೆಂದು ತಂತಮ್ಮ ಮನೆಯ ಮಾಳಿಗೆಗೆ ಸಾಗಿಸುತ್ತಾರೆ. ಬಿಯರ್ ಸಿದ್ಧವಾದ ಮನೆಯ ಮುಂದೆ ಆರು ಮೂಲೆಯ ನಕ್ಷತ್ರ ತೂಗುತ್ತದೆ. ಅದಕ್ಕೆ ‘ತ್ಸೊಯ್ಗಲ್’ ಎಂದು ಹೆಸರು. ಒಂದು ಮನೆಯ ಸರದಿ ಮುಗಿದರೆ ನಕ್ಷತ್ರ ಇನ್ನೊಂದು ಮನೆಯಲ್ಲಿ.

2018ರಲ್ಲಿ ಜರ್ಮನಿ ಈ ಪದ್ಧತಿಯನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ ಮಾತ್ರಕ್ಕೆ ರಕ್ಷಣೆ ಸಿಕ್ಕಿತೆ? ‘ತ್ಸೊಯ್ಗಲ್’ ಎಂಬ ಹೆಸರಿಗೆ ಕಾನೂನಿನ ಕಾವಲಿಲ್ಲ. ಊರೊಟ್ಟಿನ ಕೊಪ್ಪರಿಗೆಯ ಮುಖವನ್ನೇ ಕಾಣದ ಖಾಸಗಿ ಬ್ರೂವರಿಗಳು ಆ ಹೆಸರನ್ನು ಸೀಸೆಗೆ ಅಂಟಿಸಿ ಮಾರುತ್ತವೆ. ತಮ್ಮದೇ ಹೆಸರನ್ನು ತಮ್ಮದೆಂದು ಸಾಧಿಸಲು ಆ ಮನೆಗಳವರು ಸಂಘ ಕಟ್ಟಿಕೊಂಡು, ‘ಅಸಲಿ’ ಎಂಬ ಮುದ್ರೆ ಒತ್ತಬೇಕಾಗಿ ಬಂದಿದೆ. ಸಮುದಾಯ ಕಾಪಾಡಿದ್ದನ್ನು ಮಾರುಕಟ್ಟೆ ಮೊದಲು ಹೊಗಳುತ್ತದೆ, ಆಮೇಲೆ ಹೆಸರನ್ನಷ್ಟೇ ಕಿತ್ತುಕೊಳ್ಳುತ್ತದೆ. ಬಿಯರ್ ಪ್ರವಾಸವನ್ನು ನಾವು ವಿರೋಧಿಸುವುದು ಈ ಕಾರಣಕ್ಕೆ, ಕುಡಿತದ ಕಾರಣಕ್ಕಲ್ಲ.

ಓದಲೆಂದು ಜರ್ಮನಿಗೆ ಹೋಗುವ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಉತ್ಸವದ ಡೇರೆಗೆ ಸಾಲುಗಟ್ಟುವ ಬದಲು ವಿಂಡಿಶೆಶೆನ್‌ಬಾಖಿಗೆ ರೈಲು ಹತ್ತಿ. ಲೋಟದ ಚಿತ್ರ ತೆಗೆಯುವುದಕ್ಕೆ ಮುನ್ನ ಕೊಪ್ಪರಿಗೆಯ ಲೆಕ್ಕ ಯಾರು ಬರೆಯುತ್ತಾರೆ, ಸರದಿ ಹೇಗೆ ತೀರ್ಮಾನವಾಗುತ್ತದೆ, ಜಗಳವಾದರೆ ಯಾರು ಬಗೆಹರಿಸುತ್ತಾರೆ, ಮಕ್ಕಳು ಊರು ಬಿಟ್ಟ ಮನೆಯ ಹಕ್ಕು ಏನಾಗುತ್ತದೆ ಎಂದು ವಿಚಾರಿಸಿ. ಬಿಯರ್ ಮುಟ್ಟದವರೂ ಕೇಳಬಹುದಾದ ಪ್ರಶ್ನೆಗಳಿವು. ಉತ್ತರಗಳನ್ನು ನಮಗೆ ಬರೆದು ಕಳುಹಿಸಿ. ಸೊಪ್ಪಿನಬೆಟ್ಟದ ಬೇಲಿಯ ಜಗಳ ನಮ್ಮೂರುಗಳಲ್ಲಿ ಇನ್ನೂ ಮುಗಿದಿಲ್ಲ.