ವಾಚನವಿಚಾರ: ಪತ್ತೇದಾರಿ ಕಾದಂಬರಿಗಳು

ವರ್ಷಾಂತ್ಯದಲ್ಲಿ ತಾವು ಓದಿದ ಗ್ರಂಥಗಳನ್ನು ಎಣಿಸುವಾಗ ಪತ್ತೇದಾರಿ ಕಾದಂಬರಿಗಳನ್ನು ಮರೆಮಾಚುವ ಗೃಹಸ್ಥರು ನಮ್ಮ ವಾಮದಪದವಿನಲ್ಲಿಯೂ ಉಂಟು. ಇದಕ್ಕೆ ಲಜ್ಜೆಯೇಕೆ? ವಿಶಾಖದತ್ತನ ಮುದ್ರಾರಾಕ್ಷಸದಲ್ಲಿ ಚಾಣಕ್ಯನ ಚರನು ಚಂದನದಾಸನ ಮನೆಯಲ್ಲಿ ಜಾರಿಬಿದ್ದ ಉಂಗುರವೊಂದನ್ನು ತಂದೊಪ್ಪಿಸುವನು. ಅಮಾತ್ಯ ರಾಕ್ಷಸನ ಕುಟುಂಬವು ಅಡಗಿರುವ ಸ್ಥಳವು ಆ ಕುರುಹಿನಿಂದಲೇ ಬಯಲಾಗುವುದು. ಈ ಕಥೆಯನ್ನು ಕೆಂಪುನಾರಾಯಣನು 1823ರಲ್ಲಿಯೇ ಮುದ್ರಾಮಂಜೂಷವೆಂಬ ಹೆಸರಿನಿಂದ ಕನ್ನಡ ಗದ್ಯಕ್ಕೆ ತಂದನು.

ಇತ್ತೀಚಿನ ಕಾಲಕ್ಕೆ ಬಂದರೆ, ನಾಲ್ಕನೆಯ ತರಗತಿಯವರೆಗೆ ಮಾತ್ರ ಕಲಿತ ಎನ್. ನರಸಿಂಹಯ್ಯನವರು ಐನೂರಕ್ಕೂ ಮಿಕ್ಕಿದ ಕಾದಂಬರಿಗಳನ್ನು ರಚಿಸಿ, ಪತ್ತೇದಾರ ಪುರುಷೋತ್ತಮನ ಸಾಹಸಗಳಿಂದ ಸಾಮಾನ್ಯ ಜನರಿಗೆ ಓದಿನ ರುಚಿಯನ್ನು ಹತ್ತಿಸಿದರು. ಪುಸ್ತಕವನ್ನೇ ಮುಟ್ಟದವನಿಗಿಂತ ಇಂತಹ ಕಥೆಯನ್ನು ಓದುವ ಬಾಲಕನು ಮೇಲಲ್ಲವೇ?

ಆಟಿಯ ಮಳೆಯಲ್ಲಿ ಅಂತಹದೊಂದನ್ನು ಮನೆಮಂದಿಯೆಲ್ಲ ಕೇಳುವಂತೆ ಓದಿರಿ. ಕೊನೆಯ ಅಧ್ಯಾಯಕ್ಕೆ ಮೊದಲು ನಿಲ್ಲಿಸಿ, ಅಪರಾಧಿಯು ಯಾರೆಂಬುದನ್ನು ಕಾರಣಸಹಿತವಾಗಿ ಹೇಳುವಂತೆ ಮಕ್ಕಳನ್ನು ಕೇಳಿರಿ. ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವ ತರ್ಕಶಾಸ್ತ್ರಕ್ಕೆ ಇದಕ್ಕಿಂತ ಸುಲಭವಾದ ಮೊದಲ ಪಾಠವಿಲ್ಲ.