ಬೆಂಗೇರಿ ಝಂಡಾದಾಗ ಒಂದು ಸಿನಿಮಾ ಐತಿ, ತೆಗೆಯೋರು ಬೇಕಷ್ಟೇ!

* ಅಂತರರಾಷ್ಟ್ರೀಯ ಪರಿಸರ ಚಿತ್ರೋತ್ಸವಕ್ಕೆ ಹುಲಿ, ಆನೆಯೇ ಬೇಕಂತಿಲ್ಲ
* ಖಾದಿ–ಪಾಲಿಸ್ಟರ್ ಜಗಳ ಜಗತ್ತೇ ನೋಡಬೇಕಾದ ಕಥೆ
* ಫೀಸು ಕಟ್ಟುವ ಮುಂಚೆ ತಿಳಿಯಬೇಕಾದ್ದೇನು?

ಬೆಂಗೇರಿ (ಹುಬ್ಬಳ್ಳಿ): ಹುಬ್ಬಳ್ಳಿ–ಧಾರವಾಡದಾಗ ಕ್ಯಾಮೆರಾ ಹಿಡಿಯೋ ಹುಡುಗರಿಗೆ ಬರ ಇಲ್ಲ. ಮದುವೆ ವಿಡಿಯೊ, ಜಾನಪದ ಆಲ್ಬಮ್ ಸಾಂಗ್, ರೀಲ್ಸ್, ಶಾರ್ಟ್ ಫಿಲ್ಮ್ ಎಲ್ಲಾ ಇಲ್ಲೇ ತಯಾರಾಗ್ತಾವ. ಆದರೆ "ಅಂತರರಾಷ್ಟ್ರೀಯ ನಿಸರ್ಗ ಮತ್ತು ಪರಿಸರ ಚಿತ್ರೋತ್ಸವದ ಸ್ಪರ್ಧೆಗೆ ಎಂಟ್ರಿ ಆಹ್ವಾನ" ಅಂತ ಮೊಬೈಲ್‌ನಾಗ ಪೋಸ್ಟ್ ಕಂಡರೆ ಬಹಳಷ್ಟು ಮಂದಿ ಅಲ್ಲೇ ಬಿಟ್ಟು ಮುಂದೆ ಹೋಗ್ತಾರೆ. ನಮ್ಮ ಕಡೆ ಹುಲಿ ಎಲ್ಲಿ ಐತಿ, ಕಾಡು ಎಲ್ಲಿ ಐತಿ ಅನ್ನೋದು ಕಾರಣ.

ಈ ಲೆಕ್ಕಾಚಾರವೇ ತಪ್ಪು. ಇಡೀ ದೇಶ ಆಗಸ್ಟ್ 15ಕ್ಕೆ ತಲೆ ಎತ್ತಿ ನೋಡುವ ಬಟ್ಟೆ ಬೆಂಗೇರಿಯಲ್ಲಿ ಹೊಲಿಗೆ ಆಗ್ತದೆ. ಆ ಬಟ್ಟೆಯ ಹಿಂದೆ ಹತ್ತಿ ಇದೆ, ನೀರಿದೆ, ಪ್ಲಾಸ್ಟಿಕ್ ಇದೆ, ಹೆಣ್ಣುಮಕ್ಕಳ ಕೂಲಿ ಇದೆ. ಪರಿಸರ ಸಿನಿಮಾಕ್ಕೆ ಇದಕ್ಕಿಂತ ಹೆಚ್ಚಿನ ಸರಕು ಬೇಕಿಲ್ಲ.

ಹುಲಿ ಇಲ್ಲದಿದ್ರೂ ನಡೀತದ

ನಿಸರ್ಗ ಚಿತ್ರೋತ್ಸವ ಅಂದರೆ ಮೊದಲು ಪ್ರಾಣಿಗಳ ಚಿತ್ರವೇ ಆಗಿತ್ತು ಅನ್ನೋದು ಖರೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1982ರಲ್ಲಿ ಶುರುವಾದ ವೈಲ್ಡ್‌ಸ್ಕ್ರೀನ್ ಉತ್ಸವದ ಪಾಂಡಾ ಪ್ರಶಸ್ತಿಗೆ 'ಗ್ರೀನ್ ಆಸ್ಕರ್' ಅಂತಲೇ ಹೆಸರು. ಅಮೆರಿಕದಲ್ಲಿ 1991ರಿಂದ ಜಾಕ್ಸನ್ ವೈಲ್ಡ್ ಇದೆ. ಎಸ್ಟೋನಿಯಾ ಎಂಬ ಸಣ್ಣ ದೇಶದ ಮತ್ಸಾಲು ಉತ್ಸವ 2003ರಿಂದ ನಡೆದಿದೆ. ನಮ್ಮ ದೇಶದಲ್ಲಿ 2002ರಲ್ಲಿ 'ವಾತಾವರಣ' ಉತ್ಸವ ಶುರುವಾಯಿತು. 2020ರಿಂದ 'ಆಲ್ಟ್ ಎಫ್' ಎಂಬ ಪರಿಸರ ಚಿತ್ರೋತ್ಸವವೂ ನಡೆಯುತ್ತಿದೆ.

ಕರ್ನಾಟಕದವರು ಈ ದಾರಿಗೆ ಹೊಸಬರಲ್ಲ. ಮೈಸೂರಿನ ಕೃಪಾಕರ–ಸೇನಾನಿ ಜೋಡಿ ಕಾಡುನಾಯಿಗಳ ಬೆನ್ನುಹತ್ತಿ ವರ್ಷಗಟ್ಟಲೆ ಕಾಡಿನಲ್ಲೇ ಕಳೆದು ಚಿತ್ರ ಮಾಡಿದರು. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ಅವರ 'ವೈಲ್ಡ್ ಕರ್ನಾಟಕ' 67ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಪಡೆಯಿತು. ಅದಕ್ಕೆ ದನಿ ಕೊಟ್ಟವರು ಡೇವಿಡ್ ಅಟೆನ್‌ಬರೊ. ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' 2022ರ ಅಕ್ಟೋಬರ್‌ನಲ್ಲಿ ಬಂದಾಗ ಹಳ್ಳಿ ಮಂದಿಯೂ ಥಿಯೇಟರ್‌ಗೆ ಹೋಗಿ ಕಾಡು ನೋಡಿ ಬಂದರು.

ಆದರೆ ಇವೆಲ್ಲಾ ದೊಡ್ಡ ಲೆನ್ಸು, ದೊಡ್ಡ ಬಜೆಟ್, ಅರಣ್ಯ ಇಲಾಖೆಯ ಅನುಮತಿ ಬೇಡುವ ಚಿತ್ರಗಳು. ಹುಬ್ಬಳ್ಳಿ ಹುಡುಗರಿಗೆ ಆ ಪೈಪೋಟಿ ಕಷ್ಟ. ಸಮಾಧಾನದ ಸಂಗತಿ ಅಂದರೆ ಇವತ್ತು ಹೆಚ್ಚಿನ ಉತ್ಸವಗಳಲ್ಲಿ ಮನುಷ್ಯ ಮತ್ತು ಪರಿಸರ, ಕಸ, ನೀರು, ಹವಾಮಾನ ಬದಲಾವಣೆ ಕುರಿತ ಚಿತ್ರಗಳಿಗೆ ಜಾಗ ಇದೆ. ಸಣ್ಣ ಚಿತ್ರಗಳಿಗೂ, ವಿದ್ಯಾರ್ಥಿಗಳ ಚಿತ್ರಗಳಿಗೂ ಹಲವು ಕಡೆ ಬೇರೆ ವಿಭಾಗ ಇಟ್ಟಿರ್ತಾರೆ. 2022ರಲ್ಲಿ ಕಾನ್ ಉತ್ಸವದಲ್ಲಿ ಸಾಕ್ಷ್ಯಚಿತ್ರ ಪ್ರಶಸ್ತಿ ಗೆದ್ದ ಶೌನಕ್ ಸೇನ್ ಅವರ 'ಆಲ್ ದಟ್ ಬ್ರೀತ್ಸ್' ನಡೆಯೋದು ದಿಲ್ಲಿಯ ಗಲ್ಲಿಯೊಳಗೆ. ಗಾಯಗೊಂಡ ಹದ್ದುಗಳನ್ನು ಮನೆಯ ಕೆಳಗಿನ ಕೋಣೆಯಲ್ಲಿ ಆರೈಕೆ ಮಾಡುವ ಅಣ್ಣ–ತಮ್ಮಂದಿರ ಕಥೆ ಅದು.

ಬೆಂಗೇರಿಯ ಕಥೆ ಏನು?

ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಟ್ಟಿದ್ದು 1957ರ ನವೆಂಬರ್ 1ರಂದು. ಬೆಂಗೇರಿಯಲ್ಲಿ 17 ಎಕರೆ ಜಾಗ. 2004ರಲ್ಲಿ ಇಲ್ಲಿ ರಾಷ್ಟ್ರಧ್ವಜ ತಯಾರಿಕೆ ಶುರುವಾಗಿ, 2006ರಲ್ಲಿ ಬಿಐಎಸ್ ಪ್ರಮಾಣಪತ್ರ ಸಿಕ್ಕಿತು. ಬಾಗಲಕೋಟೆ ಕಡೆ ನೇಯ್ದ ಬಟ್ಟೆ ಇಲ್ಲಿಗೆ ಬಂದು, ಬಣ್ಣ ಹಾಕಿಸಿಕೊಂಡು, ಅಶೋಕ ಚಕ್ರ ಮುದ್ರೆಯಾಗಿ, ಹೊಲಿಗೆಯಾಗಿ, ಹಗ್ಗ–ಗುಂಡಿ ಕಟ್ಟಿಸಿಕೊಂಡು ಹೊರಗೆ ಹೋಗ್ತದೆ. ಒಂಬತ್ತು ಅಳತೆಗಳಿವೆ. ದೊಡ್ಡದು 21 ಅಡಿ ಉದ್ದ, 14 ಅಡಿ ಅಗಲ. ಸಣ್ಣದು ಅಂಗೈ ಮೇಲೆ ಹಿಡಿಯುವಂಥ 6 ಇಂಚು, 4 ಇಂಚು. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಎಳೆ ತಪ್ಪಿದರೂ, ಬಣ್ಣ ತುಸು ಆಚೀಚೆ ಆದರೂ ಧ್ವಜ ತಿರಸ್ಕಾರ.

ಇಷ್ಟೇ ಆಗಿದ್ದರೆ ಅದು ಹೆಮ್ಮೆಯ ಸುದ್ದಿ, ಪರಿಸರದ ಸಿನಿಮಾ ಅಲ್ಲ. ಪರಿಸರ ಬರೋದು ಮುಂದಿನ ಭಾಗದಲ್ಲಿ.

ಎರಡು ಆದೇಶ, ಆರು ತಿಂಗಳ ಅಂತರ

2021ರ ಡಿಸೆಂಬರ್ 30ರಂದು ಕೇಂದ್ರ ಸರ್ಕಾರ ಧ್ವಜ ಸಂಹಿತೆಗೆ ತಿದ್ದುಪಡಿ ತಂದಿತು. ಅಲ್ಲಿವರೆಗೆ ಕೈಯಿಂದ ನೂತು ಕೈಯಿಂದ ನೇಯ್ದ ಬಟ್ಟೆಗೆ ಮಾತ್ರ ಇದ್ದ ಅವಕಾಶ, ಯಂತ್ರದಲ್ಲಿ ತಯಾರಾದ ಬಟ್ಟೆಗೂ ಪಾಲಿಸ್ಟರ್‌ಗೂ ಸಿಕ್ಕಿತು. 2022ರ ಆಗಸ್ಟ್‌ನಲ್ಲಿ 'ಹರ್ ಘರ್ ತಿರಂಗಾ' ಬಂತು. ಮನೆಮನೆಗೆ ಧ್ವಜ ಮುಟ್ಟಿಸುವಷ್ಟು ಖಾದಿ ಇಲ್ಲ, ಅಗ್ಗಕ್ಕೂ ಸಿಗೋದಿಲ್ಲ ಅನ್ನೋದು ತಿದ್ದುಪಡಿ ಪರ ಇರುವವರ ವಾದ. ನಮ್ಮ ಹೊಟ್ಟೆ ಮೇಲೆ ಹೊಡೆದಂಗಾಯ್ತು ಅನ್ನೋದು ಖಾದಿಯವರ ಅಳಲು. ಬೆಂಗೇರಿಯ ಸಂಘ ಆಗಲೇ ವಿರೋಧ ವ್ಯಕ್ತಪಡಿಸಿತ್ತು.

ಇನ್ನೊಂದು ಆದೇಶ ಮಂದಿ ಮರೆತಿದ್ದಾರೆ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಮೇಲೆ ದೇಶದಾದ್ಯಂತ ನಿಷೇಧ ಬಂದಿದ್ದು 2022ರ ಜುಲೈ 1ರಂದು. ಆ ಪಟ್ಟಿಯಲ್ಲಿ ಬಲೂನಿನ ಕಡ್ಡಿ, ಐಸ್‌ಕ್ರೀಮ್ ಕಡ್ಡಿ ಜತೆ ಪ್ಲಾಸ್ಟಿಕ್ ಧ್ವಜದ ಹೆಸರೂ ಇದೆ.

ಅಂದರೆ ಡಿಸೆಂಬರ್‌ನಲ್ಲಿ ಪಾಲಿಸ್ಟರ್ ಧ್ವಜಕ್ಕೆ ಬಾಗಿಲು ತೆರೀತು, ಜುಲೈನಲ್ಲಿ ಪ್ಲಾಸ್ಟಿಕ್ ಧ್ವಜಕ್ಕೆ ಬಾಗಿಲು ಮುಚ್ಚಿತು. ಕಾನೂನಿನ ಕಣ್ಣಿಗೆ ಒಂದು ಬಟ್ಟೆ, ಇನ್ನೊಂದು ಹಾಳೆ. ಆದರೆ ಎರಡರ ಮೂಲವೂ ಕಚ್ಚಾ ತೈಲವೇ. ಹತ್ತಿ ಬಟ್ಟೆ ಮಣ್ಣಿಗೆ ಬಿದ್ದರೆ ಕೊಳೀತದೆ. ಪಾಲಿಸ್ಟರ್ ಕೊಳೆಯೋದಿಲ್ಲ, ಸಣ್ಣ ಸಣ್ಣ ಎಳೆಯಾಗಿ ಗಟಾರ, ಹಳ್ಳ, ಕೆರೆ ಸೇರ್ತದೆ.

ಹರಿದ ಧ್ವಜವನ್ನು ಏನು ಮಾಡಬೇಕು ಅಂತಲೂ ಸಂಹಿತೆ ಹೇಳ್ತದೆ. ಮಂದಿಯ ಕಣ್ಣಿಗೆ ಬೀಳದಂಗೆ, ಗೌರವದಿಂದ, ಸಾಧ್ಯವಾದಷ್ಟು ಸುಟ್ಟು ವಿಲೇವಾರಿ ಮಾಡಬೇಕು. ಖಾದಿ ಸುಟ್ಟರೆ ಬೂದಿ. ಪಾಲಿಸ್ಟರ್ ಸುಟ್ಟರೆ ಕರಗಿದ ಗಡ್ಡೆ, ಕೆಟ್ಟ ಹೊಗೆ. ಸಂಹಿತೆಯ ಈ ಮಾತು ಖಾದಿ ಕಾಲದ್ದು, ಬಟ್ಟೆ ಈಗಿನ ಕಾಲದ್ದು.

ಅಂಗಡಿಯವರ ಲೆಕ್ಕ ಬ್ಯಾರೆ

ಇಲ್ಲಿ ಖಾದಿ ಒಳ್ಳೇದು, ಪಾಲಿಸ್ಟರ್ ಮಾರುವ ಅಂಗಡಿಯವರು ಕೆಟ್ಟವರು ಅಂತ ಚಿತ್ರ ತೆಗೆದರೆ ಅದು ಜಾಹೀರಾತು ಆಗ್ತದೆ. ಆಗಸ್ಟ್ ಮೊದಲ ವಾರ ಸ್ಟೇಶನರಿ ಅಂಗಡಿಗೆ ಬರುವ ಗಿರಾಕಿ ಕೇಳೋದು ರೇಟು. ಸಾಲಿ ಹುಡುಗರಿಗೆ ಸಾಲಾಗಿ ಕೊಡಬೇಕಂದ್ರೆ ಖಾದಿ ಕೈಗೆಟುಕೋದಿಲ್ಲ. ಉಳಿದ ಸರಕು ಮುಂದಿನ ಜನವರಿ 26ರವರೆಗೆ ಅಂಗಡಿಯಲ್ಲೇ ಕೂತಿರ್ತದೆ, ಹಾಕಿದ ರೊಕ್ಕವೂ ಅದರ ಜತೆ ಕೂತಿರ್ತದೆ. ಆ ರಿಸ್ಕ್ ಅಂಗಡಿಯವರದ್ದೇ.

ಖಾದಿಗೂ ಪರಿಸರದ ಪ್ರಶ್ನೆಗಳಿವೆ. ಚರಕ, ಮಗ್ಗಕ್ಕೆ ಕರೆಂಟು ಬೇಕಿಲ್ಲ, ಆದರೆ ಬಿಳುಪು ಮಾಡಲು, ಬಣ್ಣ ಹಾಕಲು ನೀರು ಮತ್ತು ರಾಸಾಯನಿಕ ಬೇಕು. ಹತ್ತಿ ಬೆಳೆಗೆ ಔಷಧ ಹೊಡೆಯೋದು ನಮ್ಮ ರೈತರಿಗೆ ಗೊತ್ತಿರೋದೇ. ಈ ಎರಡೂ ಕಡೆ ತೋರಿಸಿದರೆ ಮಾತ್ರ ತೀರ್ಪುಗಾರರು ನಂಬ್ತಾರೆ.

ಧಾರವಾಡ ಜಿಲ್ಲೆಗೆ ಇಂಥ ಜಗಳ ಹೊಸದೂ ಅಲ್ಲ. ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ ಮತ್ತು ಸಂಗಾತಿಗಳು 1987ರ ನವೆಂಬರ್ 14ರಂದು ಆಗ ಇದೇ ಜಿಲ್ಲೆಯಲ್ಲಿದ್ದ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 'ಕಿತ್ತಿಕೊ–ಹಚ್ಚಿಕೊ' ಸತ್ಯಾಗ್ರಹ ಮಾಡಿದರು. ಊರ ಗಾಯರಾಣ ಜಾಗದಲ್ಲಿ ಕಾರ್ಖಾನೆಗಾಗಿ ಹಚ್ಚಿದ್ದ ನೀಲಗಿರಿ ಕಿತ್ತು, ಮಂದಿಗೆ ಬೇಕಾದ ಗಿಡ ಹಚ್ಚಿದರು. ಆ ನೀಲಗಿರಿ ಹೋಗಬೇಕಿದ್ದೂ ಬಟ್ಟೆಯ ನಾರಿನ ತಿರುಳಿಗೇ. ಬಟ್ಟೆ ಮತ್ತು ಭೂಮಿಯ ಸಂಬಂಧ ಈ ಭಾಗದ ಮಂದಿಗೆ ಆಗಲೇ ತಿಳಿದಿತ್ತು.

ಸಿನಿಮಾದಿಂದ ಏನಾಗ್ತದ?

ಪ್ರಶಸ್ತಿ ಗೆದ್ದರೆ ಊರಿಗೇನು ಲಾಭ ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಎರಡು ಉದಾಹರಣೆ ನೋಡಬಹುದು. ಮೈಕ್ ಪಾಂಡೆ ಗುಜರಾತ್ ಕರಾವಳಿಯ ತಿಮಿಂಗಿಲ ಶಾರ್ಕ್ ಬೇಟೆ ಮೇಲೆ 'ಶೋರ್ಸ್ ಆಫ್ ಸೈಲೆನ್ಸ್' ಮಾಡಿ 2000ದಲ್ಲಿ ಗ್ರೀನ್ ಆಸ್ಕರ್ ಗೆದ್ದರು. ಮರುವರ್ಷ ಆ ಮೀನಿಗೆ ವನ್ಯಜೀವಿ ಕಾಯ್ದೆಯಡಿ ರಕ್ಷಣೆ ಸಿಕ್ಕಿತು. ನಮ್ಮದೇ ಕುದುರೆಮುಖದ ಗಣಿಗಾರಿಕೆ ಮೇಲೆ ಶೇಖರ್ ದತ್ತಾತ್ರಿ 2001ರಲ್ಲಿ 'ಮೈಂಡ್‌ಲೆಸ್ ಮೈನಿಂಗ್' ತೆಗೆದರು. 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು, 2005ರ ಕೊನೆಗೆ ಗಣಿ ನಿಂತಿತು.

ಹಂಗಂತ ಸಿನಿಮಾ ಒಂದೇ ಗಣಿ ನಿಲ್ಲಿಸಲಿಲ್ಲ. ಹಿಂದೆ ಹೋರಾಟಗಾರರಿದ್ದರು, ವಕೀಲರಿದ್ದರು, ದಾಖಲೆಗಳಿದ್ದವು. ಸಿನಿಮಾ ದೂರದವರ ಕಣ್ಣಿಗೆ ವಿಷಯ ಮುಟ್ಟಿಸಿತು. ಬೆಂಗೇರಿಗೂ ಬೇಕಿರೋದು ಅಷ್ಟೇ.

ಅರ್ಜಿ ಹಾಕುವ ಮುಂಚೆ

ಈಗ ಎಂಟ್ರಿಗಳು ಹೆಚ್ಚಾಗಿ ಹೋಗೋದು ಫಿಲ್ಮ್‌ಫ್ರೀವೇಯಂಥ ಆನ್‌ಲೈನ್ ವೇದಿಕೆ ಮೂಲಕ. ಇಲ್ಲಿ ನಮ್ಮ ಹುಡುಗರು ಎಡವುವ ಜಾಗಗಳು ಇವು:

1. ಯೂಟ್ಯೂಬ್ ಆತುರ: ಎಡಿಟಿಂಗ್ ಮುಗಿದ ರಾತ್ರಿಯೇ ಅಪ್‌ಲೋಡ್ ಮಾಡೋದು ರೂಢಿ. ಮೊದಲೇ ಎಲ್ಲರೂ ನೋಡಿದ ಚಿತ್ರವನ್ನು ಕೆಲವು ಉತ್ಸವಗಳು ತಗೊಳ್ಳೋದಿಲ್ಲ. ನಿಯಮ ಓದಿ ಆಮೇಲೆ ಹಾಕಬೇಕು.

2. ಹಾಡು: ಹಿನ್ನೆಲೆಗೆ ಸಿನಿಮಾ ಹಾಡು, ದೇಶಭಕ್ತಿ ಗೀತೆಯ ರೆಕಾರ್ಡಿಂಗ್ ಹಾಕಿದರೆ ಹಕ್ಕಿನ ತಕರಾರು ಗ್ಯಾರಂಟಿ. ಮಗ್ಗದ ಸಪ್ಪಳ, ಹೊಲಿಗೆ ಮಷಿನ್ ಸಪ್ಪಳ ಪುಕ್ಕಟೆ ಸಿಗ್ತದೆ, ಹಾಡಿಗಿಂತ ಚೆಂದವೂ ಇರ್ತದೆ.

3. ಸಬ್‌ಟೈಟಲ್: ಮಾತು ನಮ್ಮ ಕನ್ನಡದಾಗೇ ಇರಲಿ. ಮೈಸೂರಿನ ಚಿದಾನಂದ ನಾಯ್ಕ್ ಅವರ 16 ನಿಮಿಷದ ಕನ್ನಡ ಕಿರುಚಿತ್ರ 2024ರಲ್ಲಿ ಕಾನ್‌ನ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಭಾಷೆ ಅಡ್ಡ ಬರಲಿಲ್ಲ. ಆದರೆ ಇಂಗ್ಲಿಷ್ ಸಬ್‌ಟೈಟಲ್ ತಪ್ಪಿಲ್ಲದಂಗೆ ಇರಬೇಕು. ಇದಕ್ಕೆ ಒಬ್ಬ ಇಂಗ್ಲಿಷ್ ಮೇಷ್ಟ್ರನ್ನು ಕೂಡಿಸಿಕೊಂಡರೆ ಒಳ್ಳೇದು.

4. ಧ್ವಜದ ಕಾನೂನು: ಪರಿಣಾಮ ಚೆನ್ನಾಗಿ ಬರಲಿ ಅಂತ ಧ್ವಜ ಸುಡುವ, ತುಳಿಯುವ ದೃಶ್ಯ ತೆಗೆದರೆ 1971ರ ರಾಷ್ಟ್ರೀಯ ಗೌರವ ಅವಮಾನ ತಡೆ ಕಾಯ್ದೆಯಡಿ ಕೇಸು ಬೀಳಬಹುದು, ಮೂರು ವರ್ಷದವರೆಗೆ ಶಿಕ್ಷೆ ಇದೆ. ಪಾಲಿಸ್ಟರ್ ಸುಡೋದು ತೋರಿಸಬೇಕಂದ್ರೆ ಸಾದಾ ಬಟ್ಟೆ ತುಂಡು ಸಾಕು.

5. ಡ್ರೋನ್: ಹುಬ್ಬಳ್ಳಿಯಲ್ಲಿ ವಿಮಾನ ನಿಲ್ದಾಣ ಇದೆ. ಹಾರಿಸುವ ಮುಂಚೆ ಡಿಜಿಟಲ್ ಸ್ಕೈ ನಕ್ಷೆ ನೋಡಬೇಕು.

ಪ್ರಶಸ್ತಿ ಮಾರುವ ಅಂಗಡಿಗಳು

ಎಲ್ಲಕ್ಕಿಂತ ಎಚ್ಚರ ಬೇಕಾದ್ದು ಇಲ್ಲಿ. ಎಂಟ್ರಿ ಫೀಸು ಇರೋದು ಡಾಲರ್, ಯೂರೊ ಲೆಕ್ಕದಲ್ಲಿ. ತಡ ಮಾಡಿದಷ್ಟೂ ಏರ್ತದೆ. ಹತ್ತು ಉತ್ಸವಕ್ಕೆ ಹಾಕಿದರೆ ಒಂದು ಮದುವೆ ಶೂಟಿಂಗ್ ದುಡಿಮೆ ಹೋದಂಗೆ. ಅದರಲ್ಲೂ ಹೆಸರಿಗೆ 'ಇಂಟರ್‌ನ್ಯಾಷನಲ್' ಅಂತ ಇದ್ದು ಥಿಯೇಟರ್‌ನಲ್ಲಿ ಪ್ರದರ್ಶನವೇ ಇಲ್ಲದ, ತಿಂಗಳಿಗೊಮ್ಮೆ ನೂರಾರು ವಿಭಾಗದಲ್ಲಿ ಪ್ರಶಸ್ತಿ ಹಂಚುವ, ಗೆದ್ದ ಮೇಲೆ ಟ್ರೋಫಿಗೆ ಬೇರೆ ರೊಕ್ಕ ಕೇಳುವ ಉತ್ಸವಗಳಿವೆ. ಅಲ್ಲಿ ಸಿಗುವ ಎಲೆ ಗುರುತಿನ ಪೋಸ್ಟರ್ ಸ್ಟೇಟಸ್‌ಗೆ ಚೆಂದ, ಬೇರೆ ಉಪಯೋಗ ಇಲ್ಲ.

ಖರೆ ಉತ್ಸವ ಗುರುತಿಸೋದು ಸುಲಭ. ಎಷ್ಟು ವರ್ಷದಿಂದ ನಡೆದಿದೆ, ಯಾವ ಊರಿನ ಯಾವ ಸಭಾಂಗಣದಲ್ಲಿ ತೋರಿಸ್ತಾರೆ, ತೀರ್ಪುಗಾರರ ಹೆಸರು ಹಾಕಿದ್ದಾರೋ ಇಲ್ಲೋ, ಹೋದ ವರ್ಷದ ಚಿತ್ರಗಳ ಪಟ್ಟಿ ಇದೆಯೋ ಇಲ್ಲೋ ನೋಡಬೇಕು. ಫೀಸು ಇಲ್ಲದ ಒಳ್ಳೆ ಉತ್ಸವಗಳೂ ಇವೆ, ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಡುವವೂ ಇವೆ. ಮೂರು ಆರಿಸಿ, ಮೂರಕ್ಕೆ ಸರಿಯಾಗಿ ಹಾಕೋದು ಲೇಸು.

ಹೊಲಿಯೋರಿಗೆ ಏನು?

ಕೊನೆ ಮಾತು ಮುಖ್ಯವಾದದ್ದು. ಮುದುಮಲೈನ ಬೊಮ್ಮನ್–ಬೆಳ್ಳಿ ದಂಪತಿ ಮೇಲಿನ 'ದಿ ಎಲಿಫೆಂಟ್ ವಿಸ್ಪರರ್ಸ್' 2023ರಲ್ಲಿ ಆಸ್ಕರ್ ಗೆದ್ದಿತು. ಅದೇ ವರ್ಷ, ಹೇಳಿದ ನೆರವು ಸಿಗಲಿಲ್ಲ ಅಂತ ಆ ದಂಪತಿಯಿಂದ ದೂರು ಬಂತು. ನಿರ್ಮಾಪಕರು ಅದನ್ನು ಅಲ್ಲಗಳೆದರು. ಯಾರದ್ದು ಸರಿ ಅನ್ನೋದಕ್ಕಿಂತ, ಕ್ಯಾಮೆರಾ ಆನ್ ಮಾಡುವ ಮುಂಚೆ ಮಾತು ಕಾಗದದ ಮೇಲೆ ಇರಬೇಕು ಅನ್ನೋದು ಕಲಿಯಬೇಕಾದ ಪಾಠ.

ಬೆಂಗೇರಿಯ ಹೆಣ್ಣುಮಕ್ಕಳ ಮುಖ ಪ್ರತಿ ಆಗಸ್ಟ್‌ನಲ್ಲಿ ಟಿವಿಯಲ್ಲಿ ಎರಡು ನಿಮಿಷ ಬರ್ತದೆ, ಹೋಗ್ತದೆ. ಅವರ ಕೂಲಿ, ಬೆನ್ನು ನೋವು, ಆರ್ಡರ್ ಇಲ್ಲದ ತಿಂಗಳ ಸಂಸಾರ ಯಾರೂ ಕೇಳೋದಿಲ್ಲ. ಚಿತ್ರ ತೆಗೆಯೋರು ಸಂಘದ ಅನುಮತಿ ಜತೆ ಒಬ್ಬೊಬ್ಬರ ಒಪ್ಪಿಗೆಯನ್ನೂ ಕೇಳಬೇಕು. ಮೇಲಿನವರ ಎದುರಿಗೆ ಹೇಳಲಾಗದ್ದನ್ನು ಹೇಳಿದರೆ ಅವರ ಕೆಲಸಕ್ಕೆ ಕುತ್ತು ಬರಬಾರದು. ಚಿತ್ರ ಮುಗಿದ ಮೇಲೆ ಮೊದಲ ಪ್ರದರ್ಶನ ಬ್ರಿಸ್ಟಲ್‌ನಲ್ಲೋ ಎಸ್ಟೋನಿಯಾದಲ್ಲೋ ಆಗಲಿ ಬಿಡಲಿ, ಎರಡನೇದಾದರೂ ಬೆಂಗೇರಿಯಲ್ಲಿ, ಹೊಲಿದವರ ಎದುರಿಗೆ ಆಗಬೇಕು.

ಸ್ವಾತಂತ್ರ್ಯ ದಿನದ ಮುಂಚಿನ ಎರಡು ತಿಂಗಳೇ ಧ್ವಜದ ಕೆಲಸದ ಭರಾಟೆ. ಚಿತ್ರ ಬೇಕಂದ್ರೆ ಕ್ಯಾಮೆರಾ ಒಳಗೆ ಹೋಗಬೇಕಾದ್ದು ಆಗಲೇ. ಆಗಸ್ಟ್ 16ರ ಬೆಳಿಗ್ಗೆ ಇನ್ನೊಂದು ಶಾಟ್ ಬಾಕಿ ಇರ್ತದೆ. ಗಟಾರದ ಬದಿ, ಕಸದ ಗಾಡಿ ಒಳಗೆ, ಹಿಂದಿನ ದಿನ ಎಲ್ಲರೂ ಎತ್ತಿ ಹಿಡಿದ ಝಂಡಾಗಳು ಎಲ್ಲಿ ಹೋದವು ಅನ್ನೋದು. ಆ ಒಂದು ಬೆಳಗನ್ನು ಸುಮ್ಮನೆ ತೋರಿಸಿದರೂ ಸಾಕು, ಹೆಚ್ಚಿನ ಮಾತು ಬೇಕಾಗೋದಿಲ್ಲ.